ಭಂಡಾರ ಬಿದ್ದ ಬಿಳಿ ಪುಡಿ

ನನ್ನ ಮೊಮ್ಮಗಳು ಗಂಗಮಾಳಮ್ಮನಿಗೆ ಕೆಲಸ ಸಿಕ್ಕಿತು! ಹೈದರಾಬಾದಿನ ಹೊರಗೆ, ಹೊಸ ಔಷಧಿ ಹುಡುಕುವ ಲ್ಯಾಬಿನಲ್ಲಿ, ಕೆಮಿಸ್ಟ್ ಅಂತ. ಬಿಳಿ ಕೋಟು ಕೊಡುತ್ತಾರಂತೆ, ಕೋಟಿನ ಮೇಲೆ ಹೆಸರು ಹೊಲಿದಿರುತ್ತದಂತೆ. ಬೆಳಿಗ್ಗೆ ಫೋನಿನಲ್ಲಿ ಸುದ್ದಿ ಬಂದದ್ದೇ ತಡ, ನಾನು ಮಖ್ತಲ್ ಪೇಟೆಗೆ ಹೋಗಿ ಒಂದು ಡಬ್ಬಿ ಪೇಡೆ ತಂದು ಗುರುತಿದ್ದವರಿಗೂ ಇಲ್ಲದವರಿಗೂ ಹಂಚಿದೆ. ಗುರುತಿಲ್ಲದ ಒಬ್ಬ ಕೇಳಿದ: "ಏನ್ ತಾತಾ, ಗಂಡು ಮೊಮ್ಮಗ ಹುಟ್ಟಿದನೇನು?"

"ಇಲ್ಲೋ ತಮ್ಮಾ, ಹೆಣ್ಣು ಮೊಮ್ಮಗಳು. ಹುಟ್ಟಿ ಭಾಳ ವರ್ಷ ಆತು, ಪೇಡೆ ಇವತ್ತು ಹಂಚಾಕತ್ತೀನಿ."

ಅವನು ಪೇಡೆಯನ್ನು ಬಾಯಿಗೆ ಹಾಕಿಕೊಂಡು, ನನ್ನ ತಲೆಯ ಬಗ್ಗೆ ಅನುಮಾನವನ್ನು ಮನಸ್ಸಿಗೆ ಹಾಕಿಕೊಂಡು ಹೋದ.

ಒಂದೇ ತೊಡಕು. ಅವಳ ಅಪ್ಪ, ಅಂದರೆ ನನ್ನ ಮಗ ಬೀರೇಶ, ಇನ್ನೂ ಹೂಂ ಅಂದಿಲ್ಲ. ಬರುತ್ತೇನೋ ಇಲ್ಲವೋ ಎಂಬ ಉತ್ತರವನ್ನು ಗಂಗಾ ಇವತ್ತೇ ಕಂಪನಿಗೆ ಕಳಿಸಬೇಕು. ಬೀರೇಶ ಕುರಿ ವ್ಯಾಪಾರಿ. ಕುರಿಯ ಬೆನ್ನು ಮುಟ್ಟಿ ತೂಕ ಹೇಳುತ್ತಾನೆ, ಆದರೆ ತನ್ನ ಹೊಟ್ಟೆಯಲ್ಲಿ ಏನಿದೆ ಎಂದು ಹೇಳುವುದಿಲ್ಲ. "ಲ್ಯಾಬ್ ಅಂದ್ರ ಏನು ಅಂತ ನಂಗ ಗೊತ್ತೈತಿ. ಈ ಮನಿಯಿಂದ ಒಬ್ಬ ಹೋಗಿದ್ದು ಸಾಕು," ಎಂದು ಚಹಾ ಕೂಡ ಕುಡಿಯದೆ ಕುರಿ ನೋಡಲು ಗುಂಡುಮಾಲ್ ಕಡೆಗೆ ಹೋದ. ಆ ಒಬ್ಬ ಎಂದರೆ ನಾನೇ. ಹಿಂದೆ ನಾನು ದುಡಿಯುತ್ತಿದ್ದ ಲ್ಯಾಬಿಗೆ ಬೆಂಕಿ ಬಿದ್ದ ದಿನ ಮಖ್ತಲ್ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಯಾರೋ ಸುದ್ದಿ ಹೇಳಿದ್ದರು. ಚಪ್ಪಲಿ ಅಲ್ಲೇ ಬಿಟ್ಟು ಕಂಪನಿಯವರೆಗೆ ಓಡಿ ಬಂದಿದ್ದ. ಆ ಓಟ ಇನ್ನೂ ಅವನ ಕಾಲಿನಲ್ಲಿದೆ.

ಗಂಗಾ ಹಟಮಾರಿ. ಆದರೂ, "ತಾತಾ, ಅಪ್ಪ ಬ್ಯಾಡಂದ್ರ ನಾ ಹೋಗಂಗಿಲ್ಲ. ಮುಖ ಗಂಟು ಹಾಕಿದವ್ರನ್ನ ಬಿಟ್ಟು ಹೋದ್ರ ಕೆಲಸದಾಗ ಮನಸು ನಿಲ್ಲಂಗಿಲ್ಲ," ಅಂದಳು. ಹಾಗೆಂದು ಒಳಗೆ ಹೋಗಿ, ಒಯ್ಯಬೇಕಾದ ಬಟ್ಟೆಗಳನ್ನು ಮಡಿಚತೊಡಗಿದಳು. ನನಗೆ ಸಂಜೆಯವರೆಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅದಕ್ಕೇ ಬರೆಯಲು ಕೂತೆ. ಅವಳಂತೆ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಒಳಗಿನ ಸಂಗತಿ ಗೊತ್ತಿರಲಿ. ನಾನು ಓದಿದ್ದು ನಾಲ್ಕನೆಯ ತರಗತಿ, ಕನ್ನಡ ಶಾಲೆ. ತಪ್ಪಿದ್ದಲ್ಲಿ ಗಂಗಾ ತಿದ್ದುತ್ತಾಳೆ. ತಿದ್ದದೆ ಬಿಟ್ಟಿದ್ದರೆ ಅವಳ ಕನ್ನಡವೂ ಅಷ್ಟಕ್ಕಷ್ಟೇ ಎಂದು ತಿಳಿಯಿರಿ.

ನಮ್ಮ ಕಂಪನಿ ಮಖ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಈಗ ಅದು ಹತ್ತಿ ಗೋದಾಮು. ನಾನು ಅಲ್ಲಿ ಹೆಲ್ಪರ್. ಗಾಜಿನ ಸಾಮಾನು ತೊಳೆಯುವುದು, ಐಸ್ ಒಡೆಯುವುದು, ಡ್ರಮ್ಮು ಉರುಳಿಸುವುದು, ಬೈಗುಳ ಬಂದಾಗ ಎದುರಿಗೆ ನಿಂತಿರುವುದು. ಕೊನೆಯದಕ್ಕೆ ಹೆಚ್ಚು ಅನುಭವ ಬೇಕು.

ಹೊಸ ಔಷಧಿ ಹುಡುಕುವುದೆಂದರೆ ಕಾಡಿನಲ್ಲಿ ಬೇರು ಅಗೆಯುವುದು ಎಂದು ನಾನು ಮೊದಲು ತಿಳಿದಿದ್ದೆ. ಅಲ್ಲ. ದೂರದೇಶದ ಗಿರಾಕಿ ಕಂಪನಿ ಒಂದು ಚಿತ್ರ ಕಳಿಸುತ್ತದೆ. ಜೇನುಗೂಡಿನ ಚೂರಿನ ಹಾಗೆ ಆರು ಮೂಲೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇದನ್ನು ಮಾಡಿಕೊಡಿ ಅನ್ನುತ್ತಾರೆ. ಮಾಡಿಕೊಟ್ಟರೆ, ಇದರ ಒಂದು ಮೂಲೆಗೆ ಬಾಲ ಅಂಟಿಸಿ ಇನ್ನೊಂದು ಕೊಡಿ, ಬಾಲ ಗಿಡ್ಡ ಮಾಡಿ ಮತ್ತೊಂದು ಕೊಡಿ ಅನ್ನುತ್ತಾರೆ. ರಾಶಿ ರಾಶಿ ಮಾಡಬೇಕು, ಒಂದು ಉಳಿದರೆ ಪುಣ್ಯ.

ಹೇಗೆ ಮಾಡುವುದು ಎಂದು ನಮ್ಮ ಕೆಮಿಸ್ಟರು ಬೋರ್ಡಿನ ಮುಂದೆ ನಿಂತು ಹಿಂದಿನಿಂದ ಯೋಚನೆ ಮಾಡುತ್ತಿದ್ದರು. ಕಂಬಳಿಯನ್ನು ಬಿಚ್ಚಿ ನೂಲಿಗೆ, ನೂಲಿನಿಂದ ಉಣ್ಣೆಗೆ, ಉಣ್ಣೆಯಿಂದ ಕುರಿಗೆ ಹೋದ ಹಾಗೆ. ಕೊನೆಗೆ ಆ ಕುರಿ ಪೇಟೆಯಲ್ಲಿ ಸಿಗುತ್ತದೆಯೇ ಎಂದು ನೋಡುವುದು. ಸಿಕ್ಕರೆ ಕುರಿ ತಂದು ಮತ್ತೆ ಕಂಬಳಿಯ ಕಡೆಗೆ ನೇಯುತ್ತ ಬರುವುದು. ಬೋರ್ಡಿನ ಮೇಲೆ ಕಂಬಳಿ ಎಂದೂ ಹರಿದಿಲ್ಲ. ಫ್ಲಾಸ್ಕಿನಲ್ಲಿ ದಿನಾ ಹರಿಯುತ್ತಿತ್ತು.

ಕುದಿಸಿದ್ದು ಸರಿಯಾಯಿತೇ ಎಂದು ನೋಡಲು ಒಂದು ಸಣ್ಣ ಪಟ್ಟಿ ಇರುತ್ತದೆ, ಬಿಳಿ ಸುಣ್ಣ ಬಳಿದ ಹಾಗೆ. ಅದರ ಬುಡದಲ್ಲಿ ಒಂದು ಹನಿ ಇಟ್ಟು, ದ್ರವದಲ್ಲಿ ನಿಲ್ಲಿಸಿ, ಆಮೇಲೆ ನೀಲಿ ದೀಪದ ಕೆಳಗೆ ಹಿಡಿಯುತ್ತಾರೆ. ಒಂದೇ ಚುಕ್ಕಿ ಕಂಡರೆ ಹಬ್ಬ. ಎರಡು ಕಂಡರೆ ಬೇಸರ. ಚುಕ್ಕಿಗಳು ಸಾಲಾಗಿ ಕಂಡರೆ ಲ್ಯಾಬಿನಲ್ಲಿ ಸೂತಕ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆಗ ಸಿಲಿಕಾ ಎಂಬ ಬಿಳಿ ಪುಡಿಯನ್ನು ಉದ್ದನೆಯ ಗಾಜಿನ ಕೊಳವೆಯಲ್ಲಿ ತುಂಬಿ, ಕಲಸುಮೇಲೋಗರವನ್ನು ಅದರ ತಲೆಯ ಮೇಲೆ ಸುರಿದು, ಮೇಲಿಂದ ದ್ರವ ಬಿಡುತ್ತಾರೆ. ಬೇರೆ ಬೇರೆ ಸರಕು ಬೇರೆ ಬೇರೆ ಹೊತ್ತಿಗೆ ಕೆಳಗೆ ಇಳಿಯುತ್ತದೆ, ಸಂತೆ ಮುಗಿಸಿ ಮನೆಗೆ ಹೋಗುವ ಜನರ ಹಾಗೆ. ಈ ಸಿಲಿಕಾ ನೆನಪಿಟ್ಟುಕೊಳ್ಳಿ, ಮುಂದೆ ಇದರದೇ ರಾದ್ಧಾಂತ.

ನಮ್ಮ ಮೇಲೆ ಒಬ್ಬ ಪಿಎಚ್‌.ಡಿ. ಮಾಡಿದ ಸಾಹೇಬರಿದ್ದರು. ಡಾಕ್ಟರ್ ಸಾಬ್ ಅನ್ನುತ್ತಿದ್ದೆವು. ತೆಲುಗಿನಲ್ಲಿ ಬೈಯುತ್ತಿದ್ದರು, ಇಂಗ್ಲಿಷಿನಲ್ಲಿ ತಮ್ಮನ್ನು ಹೊಗಳಿಕೊಳ್ಳುತ್ತಿದ್ದರು. ಬಂದ ಕೂಡಲೇ ಅವರ ಮೊದಲ ಮಾತು, "ಯೀಲ್ಡ್ ಎಂತ?" ಹಾಕಿದ ಸರಕಿಗೆ ತಕ್ಕಂತೆ ಎಷ್ಟು ಬಂತು ಎಂಬ ಲೆಕ್ಕ ಅದು. ಚೆನ್ನಾಗಿ ಬಂದಿದ್ದರೆ ಅವರ ಐಡಿಯಾ. ಬಾರದಿದ್ದರೆ ಫ್ಲಾಸ್ಕು ಸರಿಯಾಗಿ ತೊಳೆದಿಲ್ಲ. ಅವರ ಪ್ರಕಾರ ಜಗತ್ತಿನ ಅರ್ಧ ರೋಗಗಳಿಗೆ ಇನ್ನೂ ಔಷಧಿ ಸಿಗದಿರುವುದಕ್ಕೆ ಮೈಲಾರಪ್ಪನ ಕೈಯ ಬ್ರಷ್ಷೇ ಕಾರಣ. ಮೈಲಾರಪ್ಪ ನನ್ನ ಹೆಸರು.

ನಾರಾಯಣಪೇಟೆಯ ಶಬಾನಾ ಮೇಡಂ ನಮ್ಮ ಹಿರಿಯ ಕೆಮಿಸ್ಟ್. ಡಾಕ್ಟರ್ ಸಾಬ್ ಐಡಿಯಾ ಹೇಳುತ್ತಿದ್ದರು, ಮೇಡಂ ಅದನ್ನು ಬದುಕಿಸುತ್ತಿದ್ದರು. ಅವರ ಕೈಯಲ್ಲಿ ನಾನು ವಿಧಾನಗಳು ಬದಲಾಗುವುದನ್ನೂ ನೋಡಿದೆ. ಮೊದಲು ಎಣ್ಣೆಯ ಬಾಂಡಲೆಯಲ್ಲಿ ಫ್ಲಾಸ್ಕು ಕೂರಿಸಿ ಇಡೀ ದಿನ ಕುದಿಸುತ್ತಿದ್ದರು. ಆಮೇಲೆ ಮೈಕ್ರೋವೇವ್ ಯಂತ್ರ ಬಂತು. ಡಾಕ್ಟರ್ ಸಾಬ್ ಅದಕ್ಕೆ ರಿಬ್ಬನ್ ಕಟ್ಟಿ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಹೇಗಿದೆ ಮೇಡಂ ಹೊಸ ಯಂತ್ರ ಎಂದು ನಾನು ಕೇಳಿದೆ.

"ಭಾಳ ಚೊಲೊ ಐತಿ ಚಾಚಾ," ಅಂದರು. "ಮೊದ್ಲು ರಿಯಾಕ್ಷನ್ ಕೆಡಾಕ ಒಂದ್ ದಿನ ಬೇಕಿತ್ತು. ಈಗ ಚಹಾ ಕುಡ್ದು ಬರೂದ್ರಾಗ ಕೆಟ್ಟಿರ್ತೈತಿ."

ಕೊನೆಕೊನೆಗೆ ದಾರಿ ಹೇಳುವ ಕಂಪ್ಯೂಟರ್ ಬಂತು. ಚಿತ್ರ ಕೊಟ್ಟರೆ ಸಾಕು, ಹೇಗೆ ಮಾಡಬೇಕೆಂದು ಅದೇ ಹೇಳುತ್ತಿತ್ತು. ಬಹಳ ಚಂದದ ದಾರಿ. ಮೊದಲ ಹೆಜ್ಜೆಗೆ ಬೇಕಾದ ಸಾಮಾನನ್ನು ಮಾತ್ರ ಜಗತ್ತಿನಲ್ಲಿ ಯಾರೂ ಮಾರುತ್ತಿರಲಿಲ್ಲ. ಗದ್ವಾಲ್‌ಗೆ ಹೋಗುವವನಿಗೆ ಮೊದಲು ಚಂದ್ರನ ಮೇಲೆ ಇಳಿದು ಅಲ್ಲಿಂದ ಎಡಕ್ಕೆ ತಿರುಗು ಅಂದ ಹಾಗೆ. ಡಾಕ್ಟರ್ ಸಾಬ್ ಕಂಪ್ಯೂಟರನ್ನು ಬೈಯಲಿಲ್ಲ. ಅದು ಬಹಳ ದುಬಾರಿಯದು. ಸಾಮಾನು ತರಿಸುವ ಗುಮಾಸ್ತನನ್ನು ಬೈದರು.

ಹೊಸಬರು ತಿಳಿಯಬೇಕಾದ ಇನ್ನೊಂದು ಸಂಗತಿ ನಾತ. ಗಂಧಕ ಸೇರಿದ ಕೆಲವು ದ್ರವಗಳಿವೆ. ಅವುಗಳ ಒಂದು ಹನಿ ನೆಲಕ್ಕೆ ಬಿದ್ದರೆ, ಕೊಳೆತ ಉಳ್ಳಾಗಡ್ಡಿಯೂ ಸತ್ತ ಇಲಿಯೂ ಮದುವೆಯಾಗಿ ನಿಮ್ಮ ಮೂಗಿನಲ್ಲಿ ಸಂಸಾರ ಹೂಡಿದ ಹಾಗಿರುತ್ತದೆ. ಒಂದು ಸಲ ಅಂಥ ಬಾಟಲಿಯ ಮುಚ್ಚಳ ಸಡಿಲಾಗಿ ಇಡೀ ಲ್ಯಾಬು ಹೊರಗೆ ಓಡಿತು. ಡಾಕ್ಟರ್ ಸಾಬ್ ತಮ್ಮ ಎ.ಸಿ. ಕೋಣೆಯ ಬಾಗಿಲ ಸಂದಿಗೆ ಟೇಪು ಅಂಟಿಸಿಕೊಂಡು, ಒಳಗಿಂದಲೇ ಫೋನ್ ಮಾಡಿ, ವಾಸನೆ ಎಂಬುದು ಮನಸ್ಸಿನ ಭ್ರಮೆ, ಎಲ್ಲರೂ ಕೆಲಸಕ್ಕೆ ಹೋಗಿ ಎಂದರು.

ಬ್ಲೀಚಿಂಗ್ ನೀರು ಸುರಿದು ಒರೆಸಿದವನು ನಾನು. ಆ ಭ್ರಮೆಯನ್ನು ಮೈತುಂಬ ಹಚ್ಚಿಕೊಂಡು ಸಂಜೆ ಮಖ್ತಲ್ ಬಸ್ಸು ಹತ್ತಿದೆ. ಬಸ್ಸು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಂಡಕ್ಟರ್ ಮೂಗು ಹಿಡಿದುಕೊಂಡು ಗುಂಡುಮಾಲ್‌ನ ಒಬ್ಬ ಹೆಣ್ಣುಮಗಳ ಉಳ್ಳಾಗಡ್ಡಿ ಚೀಲದ ಹತ್ತಿರ ಬಂದ.

"ಅಮ್ಮಾ, ಕೊಳ್ತದ್ದನ್ನೆಲ್ಲ ಬಸ್ಸಿನ್ಯಾಗ ಯಾಕ ತರ್ತೀರಿ? ಇಳಸ್ರಿ ಕೆಳಗ!"

"ಯಾವನ್ಲೇ ಕೊಳ್ತದ್ದು ಅನ್ನಾವ? ನಿನ್ನಿ ಕಿತ್ತ ಗಡ್ಡಿ ಇವು. ಬಾ, ಮೂಸಿ ನೋಡು ಬಾ!"

ನಾನು ಎದ್ದು ನಿಂತು, ಆಕೆಯದೇನೂ ಇಲ್ಲಪ್ಪಾ, ನಾತ ನನ್ನದು ಎಂದೆ. ಕಂಡಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನ್ ಕೆಲಸ ಮಾಡ್ತೀಯಪ್ಪಾ ಹಿರಿಯಾ?"

"ಹೊಸ ಔಷಧಿ ಕಂಡುಹಿಡೀತೀವಿ."

"ಯಾವ ರೋಗಕ್ಕ? ಇದರಕಿಂತ ರೋಗಾನೇ ಚೊಲೊ ಐತೆಲ್ಲೋ!"

ಬಸ್ಸು ನಕ್ಕಿತು, ನನ್ನನ್ನು ಇಳಿಸಿತು, ಹೋಯಿತು. ಉಳಿದ ದಾರಿ ನಡೆದೆ. ಮನೆಯ ಅಂಗಳದಲ್ಲಿ ಹೆಂಡತಿ ಶಂಕ್ರಮ್ಮ ಕೈ ಅಡ್ಡ ಹಿಡಿದು, "ಅಲ್ಲೇ ನಿಲ್ಲು. ಕುರಿ ಹಟ್ಟಿಗಿ ಹೋಗು. ನೀರು ಅಲ್ಲೇ ತರ್ತೀನಿ," ಅಂದಳು. ಹಟ್ಟಿಗೆ ಹೋದೆ. ಹುಟ್ಟಿದಾಗಿನಿಂದ ತಮ್ಮ ನಾತದಲ್ಲೇ ಬೆಳೆದ ನಮ್ಮ ಕುರಿಗಳು ನನ್ನನ್ನು ನೋಡಿ ಹಿಂದಿನ ಬೇಲಿಗೆ ಒತ್ತಿಕೊಂಡು ನಿಂತವು.

ಈಗ ಭಂಡಾರದ ಕಥೆ. ನಾವು ಮೈಲಾರ ದೇವರ ಒಕ್ಕಲು. ಭಂಡಾರ ಎಂದರೆ ದೇವರ ಅರಿಶಿನ ಪುಡಿ. ಹಣೆಗೆ ಹಚ್ಚುತ್ತೇವೆ, ಹೊಸ ಕುರಿಮರಿಯ ಮೇಲೆ ತೂರುತ್ತೇವೆ, ಸಂತೋಷವಾದರೆ ಒಬ್ಬರ ಮೇಲೊಬ್ಬರು ಎರಚುತ್ತೇವೆ. ಲ್ಯಾಬಿನಲ್ಲಿ ದಸರೆಯ ಆಯುಧ ಪೂಜೆಗೆ ಡಾಕ್ಟರ್ ಸಾಬ್ ಪ್ರತಿ ವರ್ಷ ಒಂದು ನಿಂಬೆಹಣ್ಣು ಮಂಜೂರು ಮಾಡುತ್ತಿದ್ದರು. ಆ ವರ್ಷ ಮಾತ್ರ ಕಥೆ ಬೇರೆ. ನಾವು ಮಾಡಿದ ಯಾವ ಸರಕೂ ಪರೀಕ್ಷೆಯಲ್ಲಿ ಕೆಲಸ ಮಾಡುತ್ತಿರಲಿಲ್ಲ, ಗಿರಾಕಿ ಕೈಬಿಡುವ ಮಾತಾಡುತ್ತಿದ್ದ. ಡಾಕ್ಟರ್ ಸಾಬ್ ನನ್ನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ಮೆಲ್ಲಗೆ ಕೇಳಿದರು:

"ಮೈಲಾರಂ, ಮೀ ದೇವುಡು ಪವರ್‌ಫುಲ್ಲೇನಾ?"

"ಭಾಳ ಸಾಬ್. ಕುದುರಿ ಮ್ಯಾಲ ಬರ್ತಾನ."

"ನಾನು ಸೈಂಟಿಸ್ಟು, ಇದೆಲ್ಲ ನಂಬಲ್ಲ. ಆದ್ರೆ ಎಕ್ಕುವ ತೀಸ್ಕೊನಿ ರಾ." ಭಂಡಾರ ಜಾಸ್ತಿ ತಾ ಎಂದು ಅದರ ಅರ್ಥ.

ಚೀಲ ತುಂಬ ತಂದೆ. ನಾನು ಪ್ರತಿ ಯಂತ್ರಕ್ಕೆ ಒಂದು ಬೊಟ್ಟು ಇಡುತ್ತ ಹೋಗುತ್ತಿದ್ದರೆ ಡಾಕ್ಟರ್ ಸಾಬ್‌ಗೆ ತಾಳ್ಮೆ ಸಾಲಲಿಲ್ಲ. ಚೀಲ ಕಸಿದುಕೊಂಡು ಬೊಗಸೆ ಬೊಗಸೆ ತೂರತೊಡಗಿದರು. ನಾವು "ಏಳುಕೋಟಿ ಏಳುಕೋಟಿಗೋ" ಎಂದು ದೇವರ ಘೋಷ ಹಾಕಿದರೆ ಅವರೂ ಕೂಗಿದರು, ಗಿರಾಕಿಗೆ ಬಿಲ್ಲು ಹೇಳುವ ಧಾಟಿಯಲ್ಲಿ. ಮೂಲೆಯಲ್ಲಿ ಸಿಲಿಕಾ ಪುಡಿಯ ದೊಡ್ಡ ಡ್ರಮ್ಮು ಬಾಯಿ ತೆರೆದುಕೊಂಡಿತ್ತು. ಪೂಜೆಯ ಗದ್ದಲದಲ್ಲಿ ಅದರ ಕಡೆ ಯಾರ ಕಣ್ಣೂ ಹೋಗಲಿಲ್ಲ. ಮರುದಿನ ಎಂದಿನಂತೆ ಮುಚ್ಚಳ ಹಾಕಿದರು.

ಹಬ್ಬ ಕಳೆದ ಮೇಲೆ ಕೊಳವೆಗಳಿಂದ ಇಳಿದದ್ದೆಲ್ಲ ನಸು ಹಳದಿ. ಬಿಳಿ ಬರಬೇಕಾದದ್ದೂ ಹಳದಿ. ಶಬಾನಾ ಮೇಡಂ ಡಾಕ್ಟರ್ ಸಾಬ್ ಎದುರು ಪಟ್ಟಿಗಳನ್ನು ಸಾಲಾಗಿ ಇಟ್ಟರು.

"ಸರ್, ಬೇರೆ ಬೇರೆ ಸರಕಿನಾಗ ಒಂದೇ ಹಳದಿ ಚುಕ್ಕಿ ಬರಾಕತ್ತೈತಿ. ಸಿಲಿಕಾ ಬದಲಿ ಮಾಡಿ ನೋಡೂಣ."

"ಟೈಮ್ ಇಲ್ಲಮ್ಮಾ. ಕಳಿಸು, ಕಳಿಸು."

ಕಳಿಸಿದರು. ಸ್ವಲ್ಪ ದಿನಕ್ಕೆ ಗಿರಾಕಿಯ ಕಡೆಯಿಂದ ಸುದ್ದಿ ಬಂತು. ನಮ್ಮ ಸರಕು ಕೆಲಸ ಮಾಡುತ್ತಿದೆ! ಒಂದಲ್ಲ, ಎಲ್ಲವೂ ಮಾಡುತ್ತಿವೆ! ಊತಕ್ಕೆ ಹಾಕಿದ ಪರೀಕ್ಷೆಯಲ್ಲೂ ಪಾಸು, ಗಡ್ಡೆ ರೋಗಕ್ಕೆ ಹಾಕಿದ್ದರಲ್ಲೂ ಪಾಸು, ಸಕ್ಕರೆ ಕಾಯಿಲೆಗೆ ಹಾಕಿದ್ದರಲ್ಲೂ ಪಾಸು. ಡಾಕ್ಟರ್ ಸಾಬ್ ಕೇಕು ತರಿಸಿದರು, ಭಾಷಣ ಮಾಡಿದರು. ತಮಗೆ ಈ ಐಡಿಯಾ ಸ್ನಾನ ಮಾಡುವಾಗ ಹೊಳೆಯಿತೆಂದರು. ಯಾವ ಐಡಿಯಾ ಎಂದು ಕೇಳುವ ಧೈರ್ಯ ಯಾರಿಗಿದೆ? ನನಗೆ ಮಾತ್ರ ಮೈ ಜುಮ್ಮೆಂದಿತು. ನಮ್ಮ ದೇವರು ಮೈಲಾರ ಕುದುರೆಯ ಮೇಲೆ ಸಮುದ್ರ ದಾಟಿ ಗಿರಾಕಿಯ ಲ್ಯಾಬಿಗೆ ಹೋಗಿ ಬಂದನೆಂದು ನಂಬಿದೆ.

ಒಂದರ್ಥದಲ್ಲಿ ಹೋಗಿದ್ದ. ಆಮೇಲೆ ಅಲ್ಲಿಯ ಕೆಮಿಸ್ಟರು ಸರಕನ್ನು ದೊಡ್ಡ ಯಂತ್ರಕ್ಕೆ ಹಾಕಿ ನೋಡಿ ಬಹಳ ಮರ್ಯಾದೆಯಿಂದ ತಿಳಿಸಿದರು. ನೀವು ಕಳಿಸಿದ ಎಲ್ಲದರಲ್ಲೂ ಅರಿಶಿನದ ಹಳದಿ ಇದೆ. ಇದು ಬಹಳ ಪರೀಕ್ಷೆಗಳಿಗೆ ಮೋಸ ಮಾಡುವ ಸರಕೆಂದು ಈ ಕಸುಬಿನಲ್ಲಿ ಹೆಸರಾಗಿದೆ. ದಯವಿಟ್ಟು ನಿಮ್ಮ ಅಡುಗೆಮನೆ ಮತ್ತು ಲ್ಯಾಬನ್ನು ಬೇರೆ ಬೇರೆ ಇಡಿ.

ಡಾಕ್ಟರ್ ಸಾಬ್ ಓದಿ ಮುಗಿಸಿದರು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ಮೈಲಾರಂ, ಫ್ಲಾಸ್ಕು ಸರಿಯಾಗಿ ತೊಳೆದಿಲ್ಲ."

ಮರುದಿನ ಗೋಡೆಯ ಮೇಲೆ ಸುತ್ತೋಲೆ ಬಂತು. ಇನ್ನು ಮುಂದೆ ಲ್ಯಾಬಿನೊಳಗೆ ದೇವರನ್ನು ಮನಸ್ಸಿನಲ್ಲಿ ಮಾತ್ರ ನೆನೆಯತಕ್ಕದ್ದು, ನೆನೆಯುವಾಗ ಕೈಗವಸು ಧರಿಸತಕ್ಕದ್ದು. ಮುಂದಿನ ವರ್ಷ ಡಾಕ್ಟರ್ ಸಾಬ್ ಹೈದರಾಬಾದಿನ ಒಂದು ದೊಡ್ಡ ಸಭೆಯಲ್ಲಿ, ಪರೀಕ್ಷೆಗಳಿಗೆ ಮೋಸ ಮಾಡುವ ಸರಕನ್ನು ತಾವು ಹೇಗೆ ಪತ್ತೆ ಮಾಡಿದೆವೆಂದು ಭಾಷಣ ಮಾಡಿ ಶಾಲು ಹೊದ್ದುಕೊಂಡು ಬಂದರು. ಶಬಾನಾ ಮೇಡಂ ಅಷ್ಟರಲ್ಲಿ ಹೊಸ ಸಿಲಿಕಾ ತರಿಸಿ ಎಲ್ಲವನ್ನೂ ಮೊದಲಿಂದ ಮಾಡಿದ್ದರು. ಅದರಲ್ಲಿ ಒಂದು ಬಿಳಿ ಪುಡಿ ಮುಂದಿನ ಪರೀಕ್ಷೆಗೆ ಹೋಯಿತು. ಅದು ಕೊನೆಗೆ ಔಷಧಿಯಾಯಿತೋ ಇಲ್ಲವೋ ಯಾರೂ ನಮಗೆ ಹೇಳಲಿಲ್ಲ. ಈ ಕಸುಬು ಹೀಗೇ. ಮರಿ ಹುಟ್ಟಿಸಿ ಕೊಡುವುದು ನಾವು, ಬೆಳೆದದ್ದನ್ನು ನೋಡುವವರು ಬೇರೆ.

ನಾನು ಮೇಡಂ ಹತ್ತಿರ, ಎಲ್ಲ ರೋಗಕ್ಕೂ ಪಾಸಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿದ್ದೆ. "ಚಾಚಾ, ಎಲ್ಲಾರಿಗೂ ಹೌದ್ರಿ ಹೌದ್ರಿ ಅನ್ನಾವ್ನ ಮಾತಿಗಿ ನೀವು ಕುರಿ ಮಾರ್ತೀರೇನು?" ಅಂದರು. ಹೊಸ ಮಕ್ಕಳೇ, ಫಲಿತಾಂಶ ಬಹಳ ಚೆನ್ನಾಗಿ ಬಂದ ದಿನ ಕೇಕಿಗೆ ಹೇಳುವ ಮೊದಲು ಡ್ರಮ್ಮಿನೊಳಗೆ ಇಣುಕಿ ನೋಡಿ.

ಇಷ್ಟು ಬರೆಯುವಷ್ಟರಲ್ಲಿ ಬೀರೇಶ ಬಂದ. ಮುಖ ಹಾಗೇ ಇತ್ತು. ಕೈಕಾಲು ತೊಳೆದು ಬಂದು ಕೂತ. ಗದ್ವಾಲ್‌ನಿಂದ ಬಂದ ನಮ್ಮ ಸೊಸೆ ಸುಜಾತ, ಗಂಡ ಹೂಂ ಅನ್ನಲಿ ಬಿಡಲಿ ಮಗಳ ಸಂತೋಷಕ್ಕೆಂದು ಮಟನ್ ಸಾರು, ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಎಲ್ಲರೂ ಸುತ್ತ ಕೂತೆವು. ಗಂಗಾ ರೊಟ್ಟಿ ಮುರಿಯುತ್ತಿದ್ದಳೇ ಹೊರತು ಬಾಯಿಗೆ ಹಾಕುತ್ತಿರಲಿಲ್ಲ. ಒಂದೆರಡು ತುತ್ತಾದ ಮೇಲೆ ಬೀರೇಶ ತಲೆ ಎತ್ತದೆ ಕೇಳಿದ:

"ಅಪ್ಪಾ, ಅವತ್ತು ಬೆಂಕಿ ಬಿದ್ದಾಗ ಏನಾಗಿತ್ತು? ಕೈಗಿ ಬಟ್ಟಿ ಸುತ್ತಿಕೊಂಡು ನಿಂತಿದ್ದಿ. ಏನಾತು ಅಂದ್ರ 'ಏನಿಲ್ಲೋ, ಬಿಸಿನೀರು ಬಿತ್ತು' ಅಂದಿ."

ಹೇಳಿದೆ. "ಒಂದು ಕರೇ ಪುಡಿ ಇರ್ತೈತಿ, ಇದ್ದಲಿನಂಗ. ರಿಯಾಕ್ಷನ್ನಿಗಿ ಹಾಕಿ, ಆಮ್ಯಾಲ ಸೋಸಿ ತಗೀತಾರ. ಸೋಸಿದ ಕಾಗದ ನೀರಿನ್ಯಾಗ ಇಡಬೇಕು. ಒಣಗಿತೋ, ತಾನೇ ಹತ್ಕೊಂತೈತಿ. ಹೊಸಾ ಕೆಮಿಸ್ಟ್ ಅದನ್ನ ಕಸದ ಬುಟ್ಟಿಗಿ ಒಗದ. ಬುಟ್ಟಿ ಧಗ್ ಅಂತು."

"ಆಮ್ಯಾಲ?"

"ಡಾಕ್ಟರ್ ಸಾಬ್ ಮೊದ್ಲು ಹೊರಗ ಓಡಿದ್ರು, ಲ್ಯಾಪ್‌ಟಾಪ್ ಕೂಸಿನಂಗ ಅಪ್ಪಿಕೊಂಡು. ನಾ ಮರಳಿನ ಕೆಂಪು ಬಕೆಟ್ ಎತ್ತಿ ಬೆಂಕಿ ಮ್ಯಾಲ ಬೋರಲು ಹಾಕಿದೆ. ಮರಳು ಬೀ‍ಳವಲ್ದು!"

"ಯಾಕ?"

"ಹೊರದೇಶದವ್ರು ನೋಡಾಕ ಬರ್ತಾರಂತ ಸಾಬ್ ಅದರಾಗ ಬಳ್ಳಿ ಹಚ್ಚಿಸಿದ್ರು. ಹಸಿರು ಲ್ಯಾಬ್ ಅಂತ ಬೋರ್ಡ್ ಬ್ಯಾರೆ. ಬೇರು ಮರಳನ್ನ ಗಟ್ಟಿ ಹಿಡಕೊಂಡಾವು! ಶಬಾನಾ ಮೇಡಂ ಇನ್ನೊಂದ್ ಬಕೆಟ್ ತಂದ್ರು. ಅದರಾಗ ತುಳಸಿ! ನಾ ಬಳ್ಳಿ ಹಿಡದು ಜಗ್ಗಿದೆ, ಮರಳು ಬಿತ್ತು, ಬೆಂಕಿ ಆರಿತು, ಕೈ ಸುಟ್ಟಿತು. ಇಷ್ಟೇ."

ಸುಜಾತ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಮಾಮಾ, ತುಳಸಿಗಿ ನಮಸ್ಕಾರ ಮಾಡಿ ಕಿತ್ತಿರೋ ಇಲ್ಲೋ?" ಎಂದು ಶಂಕ್ರಮ್ಮನ ಹೆಗಲಿಗೆ ಒರಗಿ ನಕ್ಕಳು. ಬೀರೇಶನಿಗೂ ತಡೆಯಲಾಗಲಿಲ್ಲ. ತುತ್ತು ಗಂಟಲಿಗೆ ಸಿಕ್ಕು ಕೆಮ್ಮುವವರೆಗೆ ನಕ್ಕ. ನೀರು ಕುಡಿದ ಮೇಲೆ ನನ್ನನ್ನೇ ನೋಡಿದ.

"ಇದನ್ನ ಅವತ್ತೇ ಹೇಳಬೇಕಿಲ್ಲೇನು? ನೀ ಹೇಳಲಿಲ್ಲ, ನಾ ಏನೇನೋ ತಿಳ್ಕೊಂಡೆ. ಅವತ್ತಿನಿಂದ ನೀ ಕೆಲಸಕ್ಕ ಹೋದಾಗೆಲ್ಲ ನಾ ಬಸ್ ಸ್ಟ್ಯಾಂಡಿನ್ಯಾಗ ನಿಂತು ಹೊಗಿ ಕಾಣ್ತೈತೇನು ಅಂತ ಆ ಕಡಿ ನೋಡ್ತಿದ್ದೆ, ಗೊತ್ತೈತಿ?"

ನನಗೆ ಗೊತ್ತಿರಲಿಲ್ಲ. ಗಂಗಾ ಮೆಲ್ಲಗೆ ಅಂದಳು: "ಅಪ್ಪಾ, ಈಗ ಕೈ ಸುಟ್ರ ಮುಚ್ಚಿಡಂಗಿಲ್ಲ. ಕಂಪನಿಗಿ ತಿಳಸಲೇಬೇಕು."

"ಕಂಪನಿಗಿ ಆಮ್ಯಾಲ ತಿಳಸು. ಮೊದ್ಲು ನಂಗ ಫೋನ್ ಮಾಡು. ಸುಟ್ರೂ ಮಾಡು, ನಾತ ಬಡದ್ರೂ ಮಾಡು, ಸಾಹೇಬ ಬೈದ್ರೂ ಮಾಡು. 'ಏನಿಲ್ಲಪ್ಪಾ' ಅಂದಿ ಅಂದ್ರ ಅವತ್ತೇ ಬಂದು ಕರ್ಕೊಂಡು ಬರ್ತೀನಿ."

"ಅಂದ್ರ... ನಾ ಹೋಗ್ಲಾ?"

ಬೀರೇಶ ತನ್ನ ತಾಟಿನ ದೊಡ್ಡ ತುಂಡನ್ನು ಅವಳ ತಾಟಿಗೆ ಹಾಕಿ, "ಉಣ್ಣು," ಅಂದ.

ಶಂಕ್ರಮ್ಮನಿಗೆ ಅಷ್ಟು ಸಾಲಲಿಲ್ಲ. "ಸಂತ್ಯಾಗ ಕುರಿ ಮಾರೂವಾಗ ಮೂರೂರಿಗಿ ಕೇಳಂಗ ಒದರ್ತಿ. ಮಗಳಿಗಿ ಹೂಂ ಅನ್ನಾಕ ಬಾಯಿ ಬರಂಗಿಲ್ಲೇನು?"

"ಹೂಂ," ಅಂದ ಬೀರೇಶ. ಪಕ್ಕದ ಮನೆಗೂ ಕೇಳಿಸುವ ಹಾಗೆ.

ಗಂಗಾಳ ಬಲಗೈ ತುಂಬ ಸಾರು. ಎಡಗೈಯಿಂದಲೇ ಫೋನು ತೆಗೆದು, ಬರುತ್ತೇನೆ ಎಂದು ಒತ್ತಿ ಕಳಿಸಿದಳು. ಆಮೇಲೆ ಬೆಳಗಿನಿಂದ ಉಪವಾಸವಿದ್ದವಳ ಹಾಗೆ ಉಣ್ಣತೊಡಗಿದಳು. ಸುಜಾತ ಇನ್ನೊಂದು ಸುತ್ತು ಬಿಸಿ ರೊಟ್ಟಿ ತಂದಳು. ಯಾರೂ ಬೇಡ ಅನ್ನಲಿಲ್ಲ.